ಹೇಳಿ ಕೆಡುವ ಭಾಗ, ಹೇಳದೆ ಕೆಡುವ ಭಾಗ

ಮೂರು ಕಲ್ಲಿನ ಒಲೆಗೆ ಬಿಡಿಭಾಗಗಳಿಲ್ಲ. ಹುಣ್ಣಿಮೆ ಬಂದರೆ, ಮಂಗಳವಾರ ಶುಕ್ರವಾರ ಬಂದರೆ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಬರುವ ಜನ ತುಂಗಭದ್ರೆಯ ಆಸುಪಾಸಿನ ಬಯಲಲ್ಲಿ ಕಲ್ಲು ಹೂಡಿ, ಪುಳ್ಳೆ ಸೇರಿಸಿ ಅಡುಗೆ ಮಾಡುತ್ತಾರೆ. ಕಾವಿಗೆ ಒಂದು ಕಲ್ಲು ಸೀಳಿದರೆ ಇನ್ನೊಂದನ್ನು ಎತ್ತಿಟ್ಟರಾಯಿತು. ಅದೇ ಜನ ಊರಿಗೆ ಮರಳಿ ಹೊತ್ತಿಸುವ ಗ್ಯಾಸಿನ ಒಲೆಯ ಮಾತು ಬೇರೆ. ಸಿಲಿಂಡರಿನ ವಾಲ್ವು, ಅದರೊಳಗಿನ ರಬ್ಬರ್ ಉಂಗುರ, ರೆಗ್ಯುಲೇಟರು, ಪೈಪು, ತಿರುಗಿಸುವ ನಾಬು, ಅದರ ಹಿಂದಿನ ಕಾಕು, ಜೆಟ್ಟು, ಗಾಳಿ ಬೆರೆಯುವ ಕೊಳವೆ, ಬರ್ನರು ಎಲ್ಲವೂ ಒಂದರ ಹಿಂದೊಂದು ಸರಿಯಿದ್ದರೆ ಮಾತ್ರ ಚಹಾ ಕಾಯುತ್ತದೆ. ಪ್ರತಿಯೊಂದಕ್ಕೂ ಒಂದು ಆಯುಷ್ಯವಿದೆ, ಆದರೆ ಎಲ್ಲವೂ ಒಂದೇ ರೀತಿಯಲ್ಲಿ ಕೆಡುವುದಿಲ್ಲ.

ಕೆಲವು ಭಾಗಗಳು ಕೆಡುವ ಮೊದಲು ಹೇಳುತ್ತವೆ. ಉರಿಯ ಬಣ್ಣ ಬದಲಾಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ, ನಾಬು ಬಿಗಿಯಾಗುತ್ತದೆ. ಇನ್ನು ಕೆಲವು ಕಡೆಯ ದಿನದವರೆಗೂ ಏನೂ ಆಗದಂತೆ ಕೆಲಸ ಮಾಡುತ್ತಿರುತ್ತವೆ. ಮೊದಲನೆಯವನ್ನು ಕಣ್ಣು, ಕಿವಿ, ಮೂಗು ತೆರೆದಿಟ್ಟುಕೊಂಡು ಹಿಡಿಯಬಹುದು. ಎರಡನೆಯವಕ್ಕೆ ತಾರೀಖು ಬೇಕು, ಇಲ್ಲವೇ ಪರೀಕ್ಷೆ ಬೇಕು. ಮನೆಯಲ್ಲಿ ಆಗುವ ಅನಾಹುತಗಳು ಬಹುಪಾಲು ಈ ಎರಡನ್ನು ಒಂದೇ ಎಂದು ತಿಳಿದುದರಿಂದ ಆಗುತ್ತವೆ ಎಂಬುದು ನನ್ನ ನಂಬಿಕೆ. ಮಸಿ ಹಿಡಿದ ಪಾತ್ರೆ ಕಂಡು ಗಾಬರಿಯಾಗುವವರು, ಒಲೆಯ ಹಿಂದೆ ಹತ್ತು ವರ್ಷದಿಂದ ಬಿದ್ದಿರುವ ಪೈಪಿನ ಕಡೆ ತಿರುಗಿಯೂ ನೋಡಿರುವುದಿಲ್ಲ.

ಮೊದಲು ಮಾತಾಡುವ ಭಾಗಗಳನ್ನು ನೋಡೋಣ. ಅವುಗಳ ಬಾಯಿ ಎಂದರೆ ಉರಿ.

"ಯಣ್ಣಾ, ಒಲಿ ಯಾಕೋ ಹಳದಿ ಉರಿಯಾಕತ್ತೈತಿ ನೋಡು. ಬೋಗಾಣಿ ತಳ ಎಲ್ಲಾ ಮಸಿ ಆಗೇತಿ."

"ಬರ್ನರ್ ತೊಳದು ಎಷ್ಟ್ ದಿನ ಆತಬೇ ಯವ್ವಾ?"

ಕೊಪ್ಪಳ ಸೀಮೆಯಲ್ಲಿ ಒಲೆ ರಿಪೇರಿಯವನ ಮುಂದೆ ನಡೆಯುವ ಮಾತುಕತೆ ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ. ಅವನ ಪ್ರಶ್ನೆಯಲ್ಲಿ ಒಳ್ಳೆಯ ರಸಾಯನಶಾಸ್ತ್ರವಿದೆ. ನಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಒಂದು ಲೀಟರ್ ಪ್ರೊಪೇನ್ ಅನಿಲ ಪೂರ್ತಿ ಉರಿಯಲು ಸುಮಾರು 24 ಲೀಟರ್ ಗಾಳಿ ಬೇಕು, ಬ್ಯೂಟೇನ್‌ಗೆ ಸುಮಾರು 31 ಲೀಟರ್. ಇಷ್ಟು ಗಾಳಿಯನ್ನು ಒಲೆ ಎರಡು ಕಂತಿನಲ್ಲಿ ತೆಗೆದುಕೊಳ್ಳುತ್ತದೆ. ಜೆಟ್ಟಿನ ಸಣ್ಣ ತೂತಿನಿಂದ ಅನಿಲ ರಭಸವಾಗಿ ಚಿಮ್ಮುವಾಗ ಪಕ್ಕದ ಗಾಳಿಯನ್ನು ತನ್ನೊಂದಿಗೆ ಕೊಳವೆಯೊಳಕ್ಕೆ ಎಳೆದುಕೊಳ್ಳುತ್ತದೆ. ಇದು ಮೊದಲ ಕಂತು. ಬರ್ನರಿನ ತೂತುಗಳಿಂದ ಹೊರಬಂದು ಹೊತ್ತಿಕೊಂಡ ಮೇಲೆ ಸುತ್ತಲಿನ ಗಾಳಿಯಿಂದ ಉಳಿದದ್ದನ್ನು ಪಡೆಯುತ್ತದೆ. ಮೊದಲೇ ಗಾಳಿ ಬೆರೆಸಿ ಸುಡುವ ಈ ಉಪಾಯವನ್ನು 1855ರ ಸುಮಾರಿಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರಾಬರ್ಟ್ ಬುನ್ಸೆನ್ ತಮ್ಮ ಪ್ರಯೋಗಾಲಯದ ಬರ್ನರಿಗಾಗಿ ಹದಗೊಳಿಸಿದರು. ನಮ್ಮ ಅಡುಗೆ ಒಲೆ ಅದರ ವಂಶದ್ದೇ.

ಮೊದಲ ಕಂತಿನ ಗಾಳಿ ಸಾಕಷ್ಟಿದ್ದಾಗ ಉರಿ ನೀಲಿ. ಅನಿಲದ ಅಣುಗಳು ಒಡೆಯುವಾಗ ಕ್ಷಣಕಾಲ ಹುಟ್ಟಿ ಸಾಯುವ ಇಂಗಾಲದ ತುಣುಕುಗಳು ಆ ನೀಲಿ, ಹಸಿರುನೀಲಿ ಬೆಳಕನ್ನು ಕೊಡುತ್ತವೆ. ಗಾಳಿ ಸಾಲದಿದ್ದರೆ ಇಂಗಾಲ ಪೂರ್ತಿ ಸುಡದೆ ಸಣ್ಣ ಸಣ್ಣ ಕಣಗಳಾಗಿ ಕೂಡಿಕೊಂಡು, ಉರಿಯ ಕಾವಿಗೆ ಕೆಂಡದಂತೆ ಹೊಳೆಯುತ್ತದೆ. ಹಳದಿ ಎಂದರೆ ಅದೇ. ಮೇಣದಬತ್ತಿಯ ಬೆಳಕೂ ಇದೇ ಕಣಗಳದ್ದು. 1860ರ ಕ್ರಿಸ್‌ಮಸ್ ಹೊತ್ತಿನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಮಕ್ಕಳ ಮುಂದೆ ಒಂದು ಬತ್ತಿಯನ್ನೇ ಇಟ್ಟುಕೊಂಡು ಉಪನ್ಯಾಸ ಮಾಲೆ ಕೊಟ್ಟು, ಈ ಕಣಗಳನ್ನು ಉರಿಯೊಳಗಿಂದ ಹೊರತೆಗೆದು ತೋರಿಸಿದರು. ಮೇಣದಬತ್ತಿಯಲ್ಲಿ ಆ ಹಳದಿ ನಮಗೆ ಬೇಕಾದದ್ದು. ಅಡುಗೆಯಲ್ಲಿ ಅದು ಕಾಸು ಕೊಟ್ಟು ತಂದ ಇಂಧನ ಮಸಿಯಾಗಿ ಪಾತ್ರೆಯ ತಳ ಸೇರುತ್ತಿರುವ ಸುದ್ದಿ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಹೆಚ್ಚುತ್ತಿರುತ್ತದೆ.

ಬಣ್ಣ ಬದಲಾದ ಮಾತ್ರಕ್ಕೆ ಭಾಗ ಬದಲಿಸಬೇಕೆಂದಿಲ್ಲ. ಬ್ಯಾಳಿ ಉಕ್ಕಿ ಚೆಲ್ಲಿದಾಗ, ಉಪ್ಪಿನ ಕೈಯಿಂದ ಒಲೆ ಮುಟ್ಟಿದಾಗ ಉರಿಯಲ್ಲಿ ಕಿತ್ತಳೆ ಬಣ್ಣದ ಕಿಡಿ ಕಾಣುತ್ತದೆ. ಅದು ಉಪ್ಪಿನ ಸೋಡಿಯಂ ತೋರುವ ಬಣ್ಣ. ಒಂದೆರಡು ನಿಮಿಷದಲ್ಲಿ ಹೋಗುತ್ತದೆ, ಪಾತ್ರೆಗೆ ಮಸಿಯನ್ನೂ ಹಚ್ಚುವುದಿಲ್ಲ. ಸಿಲಿಂಡರ್ ಮುಗಿಯುವ ಹೊತ್ತಿನಲ್ಲೂ ಉರಿ ಕುಗ್ಗಿ ಹಳದಿಗೆ ತಿರುಗುವುದುಂಟು. ಹೊಸ ಸಿಲಿಂಡರ್ ಹಾಕಿದೊಡನೆ ಅದು ಸರಿಹೋದರೆ ಒಲೆಯಲ್ಲಿ ದೋಷವಿಲ್ಲ. ನಂಬಬೇಕಾದ ಸಾಕ್ಷಿ ಮಸಿ. ತಿಕ್ಕಿ ಬೆಳಗಿದ ಪಾತ್ರೆಯ ತಳ ಒಂದೇ ಅಡುಗೆಗೆ ಕಪ್ಪಾದರೆ ಹುಡುಕಾಟ ಶುರುಮಾಡಬೇಕು.

ಹುಡುಕಾಟದ ಮೊದಲ ಪ್ರಶ್ನೆ: ಒಂದೇ ಬರ್ನರೋ, ಎರಡೂ ಬರ್ನರುಗಳೋ? ಎರಡೂ ಒಟ್ಟಿಗೆ ಸೊರಗಿದ್ದರೆ ದೋಷ ಎರಡಕ್ಕೂ ಸೇರಿದ ದಾರಿಯಲ್ಲಿದೆ, ಅಂದರೆ ರೆಗ್ಯುಲೇಟರು, ಪೈಪು ಅಥವಾ ಸಿಲಿಂಡರಿನಲ್ಲಿ. ಒಂದೇ ಸೊರಗಿದ್ದರೆ ಆ ಬರ್ನರು, ಅದರ ಕೊಳವೆ, ಅದರ ಜೆಟ್ಟು. ಇಷ್ಟು ವಿಂಗಡಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ರಿಪೇರಿಯವನು ಬೇಡದ ಭಾಗ ಬದಲಿಸುವುದೂ ತಪ್ಪುತ್ತದೆ.

ನಮ್ಮ ಕಡೆಯ ಬರ್ನರಿಗೆ ಎರಡು ವಿಶೇಷ ಶತ್ರುಗಳಿವೆ. ಒಂದು ಜೋಳದ ಹಿಟ್ಟು. ರೊಟ್ಟಿ ತಟ್ಟಿ ಹಂಚಿಗೆ ಹಾಕುವಾಗ ಉದುರುವ ಹಿಟ್ಟು ಬರ್ನರಿನ ತೂತಿಗಿಳಿದು, ಸುಟ್ಟು, ಗಟ್ಟಿಯಾಗಿ ಕೂರುತ್ತದೆ. ಇನ್ನೊಂದು ಗಂಗಾವತಿ ಅಕ್ಕಿಯ ಗಂಜಿ. ಉಕ್ಕಿ ಚೆಲ್ಲಿ ಒಣಗಿದರೆ ಅದು ತೂತಿಗೆ ಬೆಣೆ ಹೊಡೆದಂತೆ. ತೂತು ಮುಚ್ಚಿದಷ್ಟೂ ಕೊಳವೆಯೊಳಗಿನ ಹರಿವು ಕುಂದಿ, ಜೆಟ್ಟು ಎಳೆದುಕೊಳ್ಳುವ ಮೊದಲ ಕಂತಿನ ಗಾಳಿ ಕಡಿಮೆಯಾಗುತ್ತದೆ. ಆದ್ದರಿಂದ ಹಳದಿ ಉರಿಗೆ ಮೊದಲ ಮದ್ದು ಬಿಸಿನೀರು, ಸೋಪು, ಒರಟು ಬ್ರಷ್ಷು. ತೊಳೆದ ಬರ್ನರನ್ನು ಪೂರ್ತಿ ಒಣಗಿಸಿಯೇ ಕೂರಿಸಬೇಕು, ತೂತಿನಲ್ಲಿ ನಿಂತ ನೀರೂ ಉರಿಯನ್ನು ಕೆಡಿಸುತ್ತದೆ. ಕೊಳವೆಯ ಬಾಯಲ್ಲಿ ಜೇಡ ಬಲೆ ಕಟ್ಟಿದೆಯೇ, ಜಿರಳೆ ಸತ್ತು ಬಿದ್ದಿದೆಯೇ ಎಂದೂ ನೋಡಬೇಕು.

ತೊಳೆದರೂ ಸರಿಹೋಗದಿದ್ದರೆ ಬದಲಾಯಿಸುವ ಮಾತು. ಬರ್ನರಿನ ಮೇಲಿನ ಹಿತ್ತಾಳೆ ತಟ್ಟೆಯನ್ನು ಸಮತಟ್ಟಾದ ಕಡಪಾ ಕಲ್ಲಿನ ಮೇಲೆ ಬೋರಲಿಡಿ. ಅಲ್ಲಾಡಿದರೆ ಅದು ಕಾವಿಗೆ ಸೊಟ್ಟಗಾಗಿದೆ. ಅಂಥ ತಟ್ಟೆಯ ಅಂಚಿನ ಕೆಳಗಿಂದ ಉರಿ ನಾಲಿಗೆ ಚಾಚುತ್ತದೆ, ನಾಬು ಕರಗಿಸುತ್ತದೆ. ತೂತುಗಳು ತಿಂದುಹೋಗಿ ಒಂದಕ್ಕೊಂದು ಸೇರಿಕೊಂಡಿದ್ದರೆ ಅಥವಾ ದೊಡ್ಡದಾಗಿದ್ದರೆ ಇನ್ನೊಂದು ಲಕ್ಷಣ ಕೇಳಿಸುತ್ತದೆ: ಉರಿ ಸಣ್ಣದು ಮಾಡಿದಾಗ 'ಟಪ್' ಎಂದು ಸದ್ದಾಗಿ ಬೆಂಕಿ ಬರ್ನರಿನೊಳಕ್ಕೆ, ಜೆಟ್ಟಿನ ಬಳಿಗೆ ಜಿಗಿಯುತ್ತದೆ. ಉರಿಗೂ ಒಂದು ವೇಗವಿದೆ. ಗಾಳಿ ಬೆರೆತ ಎಲ್‌ಪಿಜಿಯಲ್ಲಿ ಅದು ಸೆಕೆಂಡಿಗೆ ಸುಮಾರು 40 ಸೆಂಟಿಮೀಟರಿನಂತೆ ಮುಂದೊತ್ತುತ್ತದೆ. ತೂತಿನಿಂದ ಹೊರಬರುವ ಮಿಶ್ರಣ ಅದಕ್ಕಿಂತ ಜೋರಾಗಿದ್ದರೆ ಉರಿ ತೂತಿನ ಮೇಲೆಯೇ ನಿಲ್ಲುತ್ತದೆ, ತೀರಾ ನಿಧಾನವಾದರೆ ಒಳಕ್ಕೆ ನುಗ್ಗುತ್ತದೆ. ತೂತು ದೊಡ್ಡದಾದಷ್ಟೂ ಹರಿವು ನಿಧಾನ. ಈ ಸದ್ದು ಪದೇ ಪದೇ ಕೇಳಿಸುವ ಬರ್ನರನ್ನು ಇಟ್ಟುಕೊಳ್ಳಬಾರದು.

ಜೆಟ್ಟಿನ ವಿಷಯದಲ್ಲಿ ನಮ್ಮ ಹಳೆಯ ಅಭ್ಯಾಸವೊಂದು ಅಡ್ಡ ಬರುತ್ತದೆ. ಸೀಮೆಎಣ್ಣೆಯ ಪಂಪ್ ಸ್ಟೌ ಇದ್ದ ಕಾಲದಲ್ಲಿ ಪ್ರತಿ ಮನೆಯಲ್ಲೂ ಒಂದು ಪಿನ್ನು ಇರುತ್ತಿತ್ತು, ತಗಡಿನ ಹಿಡಿಕೆಗೆ ಕೂದಲೆಳೆಯಂಥ ತಂತಿ. ನಿಪ್ಪಲ್ಲಿನ ತೂತು ಕಟ್ಟಿದರೆ ಪಿನ್ ಹೊಡೆಯುವುದು. ಸ್ವೀಡನ್ನಿನ ಫ್ರಾನ್ಸ್ ಲಿಂಡ್‌ಕ್ವಿಸ್ಟ್ 1892ರಲ್ಲಿ ತಂದ ಪ್ರೈಮಸ್ ಒಲೆಯಿಂದ ಬಂದ ವಿದ್ಯೆ ಅದು. ಆ ಕೈ ಈಗಲೂ ಗ್ಯಾಸ್ ಜೆಟ್ಟಿಗೆ ಸೂಜಿ ಹಾಕಲು ಹೋಗುತ್ತದೆ. ಜೆಟ್ಟಿನ ತೂತು ಒಂದು ಮಿಲಿಮೀಟರಿಗಿಂತ ಕಿರಿದು, ಹಿತ್ತಾಳೆ ಮೆದು ಲೋಹ, ಉಕ್ಕಿನ ಸೂಜಿ ಅದನ್ನು ಕೊರೆಯುತ್ತದೆ. ತೂತಿನ ಅಡ್ಡಳತೆ ನೂರಕ್ಕೆ ಹತ್ತು ಹಿಗ್ಗಿದರೆ ಅದರ ಬಾಯಿ ನೂರಕ್ಕೆ 21 ಹಿಗ್ಗುತ್ತದೆ, ಅಷ್ಟೇ ಅನಿಲವೂ ಹೆಚ್ಚು ಹರಿಯುತ್ತದೆ. ಗಾಳಿ ಮಾತ್ರ ಆ ಲೆಕ್ಕದಲ್ಲಿ ಹೆಚ್ಚುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಮನೆಯ ಗ್ಯಾಸ್ ಒಲೆ ಇಂಧನದ ಶಾಖದಲ್ಲಿ ಕನಿಷ್ಠ ನೂರಕ್ಕೆ 68 ಭಾಗವನ್ನು ಪಾತ್ರೆಗೆ ಮುಟ್ಟಿಸಬೇಕು. ಸೂಜಿ ಆಡಿದ ಜೆಟ್ಟು ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ತೂತು ಕಟ್ಟಿದರೆ ಬಿಚ್ಚಿ, ಸೋಪುನೀರಲ್ಲಿ ನೆನೆಸಿ, ಹಿಂದಿನಿಂದ ಊದಿದರೆ ಸಾಕು. ಸೂಜಿ ಹಾಕಿಯಾಗಿದ್ದರೆ ಹೊಸ ಜೆಟ್ಟು ಹಾಕಿಸಿ. ಇಡೀ ಒಲೆಯಲ್ಲಿ ಅತಿ ಅಗ್ಗದ ಭಾಗಗಳಲ್ಲಿ ಅದೂ ಒಂದು.

ನಾಬಿನ ಹಿಂದಿನ ಕಾಕೂ ಮಾತಾಡುವ ಜಾತಿಯದೇ. ಅದರೊಳಗೆ ಮೊನೆಯತ್ತ ಸಣ್ಣಗಾಗುವ ಹಿತ್ತಾಳೆ ಗೂಟವೊಂದು ಅಂಥದೇ ಗೂಡಿನೊಳಗೆ ತಿರುಗುತ್ತದೆ, ನಡುವೆ ಕಾವು ತಡೆಯುವ ಗ್ರೀಸಿನ ತೆಳು ಪದರ. ಗ್ರೀಸು ಒಣಗಿದರೆ ನಾಬು ಬಿಗಿ. ಬಿಗಿಯಾದ ನಾಬನ್ನು ಇಕ್ಕಳದಿಂದ ತಿರುಗಿಸುವವರಿದ್ದಾರೆ. ಹಾಗೆ ತಿರುಗಿಸಿದಾಗ ಗೂಟ ಗೀರಿಕೊಂಡು, ಮುಚ್ಚಿದರೂ ಸೋರುವ ಕಾಕಾಗುತ್ತದೆ. ಬಿಗಿಯಾದದ್ದಕ್ಕೆ ಗ್ರೀಸು, ಮುಚ್ಚಿದ ಮೇಲೂ ಉರಿಯ ಸಣ್ಣ ಚುಕ್ಕೆ ಉಳಿದರೆ ಹೊಸ ಕಾಕು.

ಗ್ಯಾಸಿಗಿಂತ ಮೊದಲು ನಮ್ಮ ರಾಜ್ಯದ ಹಳ್ಳಿಗಳಿಗೆ ಬಿಡಿಭಾಗವುಳ್ಳ ಕಟ್ಟಿಗೆಯ ಒಲೆಯೊಂದನ್ನು ತಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 1974ರಲ್ಲಿ ಅಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಶುರುವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆಗೆ ಮೂರು ಪಾತ್ರೆಯ ಬಾಯಿ, ಕಟ್ಟಿಗೆಯಡಿ ಕಬ್ಬಿಣದ ಜಾಲರಿ, ಹೊಗೆಗೊಂದು ಚಿಮಣಿ. ಮೂರು ಕಲ್ಲಿನ ಒಲೆ ಕಟ್ಟಿಗೆಯ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟನ್ನು ಪಾತ್ರೆಗೆ ಕೊಟ್ಟರೆ ಇದು ಅದರ ಮೂರ್ನಾಲ್ಕು ಪಟ್ಟು ಕೊಡುತ್ತಿತ್ತು. ಆದರೆ ಜಾಲರಿ ಕೆಂಡದ ಕಾವಿಗೆ ಜೋತು ಬೀಳುತ್ತದೆ, ಚಿಮಣಿ ಮಸಿ ಕಟ್ಟುತ್ತದೆ, ಮಣ್ಣಿನ ಮೈ ಬಿರಿಯುತ್ತದೆ. ಇವೆಲ್ಲ ಮುಚ್ಚುಮರೆಯಿಲ್ಲದೆ ಹೇಳುವ ದೋಷಗಳು: ಹೊಗೆ ಚಿಮಣಿಯತ್ತ ಹೋಗುವ ಬದಲು ಅಡುಗೆ ಮಾಡುವವಳ ಮುಖಕ್ಕೆ ಬರುತ್ತದೆ. ಹೇಳಿದ್ದನ್ನು ಕೇಳಿ ಜಾಲರಿ ತಂದುಕೊಡುವವರು, ಚಿಮಣಿ ಬಿಚ್ಚಿ ಮಸಿ ತೆಗೆದುಕೊಡುವವರು ಊರಲ್ಲಿ ಇಲ್ಲದಿದ್ದರೆ ಮಾತ್ರ ಎಂಥ ಒಳ್ಳೆಯ ಒಲೆಯೂ ಮೂಲೆ ಸೇರುತ್ತದೆ. ಬಿಡಿಭಾಗ ಸಿಗದ ಯಂತ್ರವನ್ನು ಹಂಚುವುದು ಅರ್ಧ ಕೆಲಸವೆಂದು ಇದನ್ನೆಲ್ಲ ನೋಡಿದಾಗ ನನಗೆ ಅನಿಸುತ್ತದೆ.

ಇನ್ನು ಹೇಳದೆ ಕೆಡುವ ಭಾಗಗಳು. ಹುಲಿಗಿ, ಮುನಿರಾಬಾದಿನವರಿಗೆ ಇದರ ಅರ್ಥವನ್ನು ವಿವರಿಸಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ, ತುಂಬಿ ನಿಂತಿದ್ದ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಇಡೀ ಗೇಟು ಕೊಚ್ಚಿಹೋಯಿತು. ಒಟ್ಟು 33 ಗೇಟುಗಳ ಆ ಅಣೆಕಟ್ಟು 1953ರಿಂದ ನೀರು ಹಿಡಿದಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಎಂಬ ತಡೆಹಲಗೆಗಳನ್ನು ಇಳಿಸಿ ಆ ಕಂಡಿಯನ್ನು ಮುಚ್ಚಲಾಯಿತು. ಹಿಂದಿನ ದಿನ ಅಣೆಕಟ್ಟಿನ ಮೇಲೆ ನಿಂತು ನೋಡಿದ ಪ್ರವಾಸಿಗೆ ಆ ಕೊಂಡಿಯಲ್ಲಿ ಏನು ಕಾಣುತ್ತಿತ್ತು? ಭಾರ ಹೊತ್ತ ಲೋಹ ತುಂಡಾಗುವ ಗಳಿಗೆಯವರೆಗೂ ಭಾರ ಹೊತ್ತೇ ಇರುತ್ತದೆ. ಅಂಥ ಭಾಗ ಇನ್ನೂ ಕೆಲಸ ಮಾಡುತ್ತಿದೆ ಎಂಬುದು ಅದು ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ.

ಅಡುಗೆಮನೆಯಲ್ಲಿ ಆ ಕೊಂಡಿಯ ಸ್ಥಾನದಲ್ಲಿರುವುದು ಪೈಪು. ರಬ್ಬರಿನ ಬಲವಿರುವುದು ಉದ್ದುದ್ದ ಅಣುಸರಪಣಿಗಳನ್ನು ಗಂಧಕ ಅಲ್ಲಲ್ಲಿ ಬೆಸೆದಿರುವುದರಲ್ಲಿ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ಸಂಗತಿಯದು. ಕಾವು ಮತ್ತು ಆಮ್ಲಜನಕ ಕೂಡಿ ಆ ಸರಪಣಿಗಳನ್ನು ಕತ್ತರಿಸುತ್ತವೆ, ಇಲ್ಲವೇ ಬೇಡದ ಕಡೆ ಬೆಸೆದು ರಬ್ಬರನ್ನು ಬಿರುಸು ಮಾಡುತ್ತವೆ. ಗಾಳಿಯಲ್ಲಿ ಅತಿ ಅಲ್ಪ ಪ್ರಮಾಣದಲ್ಲಿರುವ ಓಜೋನ್ ಇನ್ನೂ ಚುರುಕು: ಬಾಗಿ ಹಿಗ್ಗಿರುವ ಜಾಗವನ್ನೇ ಹುಡುಕಿ, ಹಿಗ್ಗಿದ ದಿಕ್ಕಿಗೆ ಅಡ್ಡಲಾಗಿ ಸಣ್ಣ ಸಣ್ಣ ಬಿರುಕು ಹಾಕುತ್ತದೆ. ಒಳಗಡೆಯಿಂದ ಎಲ್‌ಪಿಜಿ, ರಬ್ಬರಿಗೆ ಮೆದುತನ ಕೊಡಲು ಸೇರಿಸಿದ ಎಣ್ಣೆಯಂಥ ಪದಾರ್ಥಗಳನ್ನು ಮೆಲ್ಲಗೆ ಹೀರುತ್ತದೆ. ನಲವತ್ತು ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ, ತಗಡಿನ ಮಾಡಿನಡಿಯ ಅಡುಗೆಮನೆಯಲ್ಲಿ, ಒಲೆಯ ಬೆನ್ನಿಗೆ ತಾಗಿ ಬಿದ್ದ ಪೈಪಿನಲ್ಲಿ ಇವೆಲ್ಲ ಬೇಗ ನಡೆಯುತ್ತವೆ.

ಹೊರಗೆ ಕಾಣುವ ಲಕ್ಷಣಗಳಿದ್ದರೆ ಕಾಯುವ ಮಾತೇ ಇಲ್ಲ. ರೆಗ್ಯುಲೇಟರ್ ಮುಚ್ಚಿ, ಬೆಳಕಿನಲ್ಲಿ ಪೈಪಿನ ಎರಡೂ ತುದಿಗಳನ್ನು ಮತ್ತು ಬಾಗಿದ ಜಾಗವನ್ನು ನೋಡಿ. ಬಾಗಿಸಿದಾಗ ಗೆರೆಗೆರೆಯಾಗಿ ಬಾಯಿಬಿಟ್ಟರೆ, ಮುಟ್ಟಿದರೆ ಅಂಟಿದರೆ, ಒಂದು ಕಡೆ ಉಬ್ಬಿದ್ದರೆ, ಒಲೆಯ ಹತ್ತಿರ ಕರಕಲಾಗಿದ್ದರೆ, ಇಲಿ ಹಲ್ಲಿಟ್ಟ ಗುರುತಿದ್ದರೆ ಆ ದಿನವೇ ಬದಲಿಸಬೇಕು. ಕೆಲವರು ಪೈಪು ಕೊಳೆಯಾಗಬಾರದೆಂದು ಬಟ್ಟೆಯ ಗವಸು ತೊಡಿಸುತ್ತಾರೆ. ದಯವಿಟ್ಟು ತೆಗೆಯಿರಿ, ನೋಡಬೇಕಾದದ್ದನ್ನೇ ಅದು ಮುಚ್ಚುತ್ತದೆ. ಮೇಲೆ ಏನೂ ಕಾಣದಿದ್ದರೂ ಒಳಮೈ ಸೊರಗಿರಬಹುದಾದ್ದರಿಂದಲೇ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೆ ಐದು ವರ್ಷದ ಅವಧಿ ಗೊತ್ತುಮಾಡಿದ್ದಾರೆ. ಪೈಪಿನ ಮೈಮೇಲೆಯೇ ಅದು ಅಚ್ಚಾಗಿರುತ್ತದೆ. ರಬ್ಬರಿನ ಪದರಗಳ ನಡುವೆ ಉಕ್ಕಿನ ತಂತಿ ಹೆಣೆದಿರುವ ಈ ಪೈಪಿಗೆ ಇಲಿ ಸುಲಭವಾಗಿ ಹಲ್ಲು ಹಾಕಲಾರದು. ಆದರೆ ತಂತಿ ರಬ್ಬರಿನ ಮುಪ್ಪನ್ನು ತಡೆಯುವುದಿಲ್ಲ. ಒಂದೂವರೆ ಮೀಟರಿಗಿಂತ ಉದ್ದ ಬೇಡ, ನಡುವೆ ಜೋಡಣೆ ಬೇಡ, ಗೋಡೆಯೊಳಗೆ ತೂರಿಸುವುದಂತೂ ಬೇಡವೇ ಬೇಡ.

ರೆಗ್ಯುಲೇಟರಿನೊಳಗೆ ಒಂದು ಸ್ಪ್ರಿಂಗು, ಒಂದು ತೆಳುವಾದ ರಬ್ಬರ್ ಪೊರೆ. ಬೇಸಿಗೆಯಲ್ಲಿ ಸಿಲಿಂಡರಿನ ಒಳಗಿನ ಒತ್ತಡ ಹೊರಗಿನ ಗಾಳಿಯೊತ್ತಡದ ಹಲವು ಪಟ್ಟು ಇರುತ್ತದೆ. ಒಲೆಗೆ ಬೇಕಾದದ್ದು ಚದರ ಸೆಂಟಿಮೀಟರಿಗೆ ಬರೀ 30 ಗ್ರಾಮಿನಷ್ಟು. ಪೊರೆ ಏರಿಳಿಯುತ್ತ ಆ ಕೆಲಸವನ್ನು ಹಗಲೂ ರಾತ್ರಿ ಮಾಡುತ್ತದೆ. ರೆಗ್ಯುಲೇಟರಿನ ಮೈಮೇಲೆ ಗಾಳಿಯಾಡಲು ಒಂದು ಸಣ್ಣ ಕಿಂಡಿಯಿದೆ. ಕೊಳೆಯೆಂದು ಆ ಕಿಂಡಿಗೆ ಕಡ್ಡಿ ಹಾಕಿದರೆ ಪೊರೆ ಹರಿಯಬಹುದು. ಎರಡೂ ಬರ್ನರುಗಳ ಉರಿ ತಾನಾಗಿ ಏರಿಳಿದರೆ, ಉರಿ ಬರ್ನರಿನಿಂದ ಎದ್ದು ಮೇಲೆ ತೇಲಿದರೆ, ಕಿಂಡಿಯ ಬಳಿ ವಾಸನೆ ಬಂದರೆ ರೆಗ್ಯುಲೇಟರಿನ ಕೆಲಸ ಮುಗಿದಿದೆ. ಅದನ್ನು ಬಿಚ್ಚಿ ರಿಪೇರಿ ಮಾಡುವಂತಿಲ್ಲ, ಏಜೆನ್ಸಿಯಲ್ಲಿ ಬದಲಿಸಿಕೊಳ್ಳಬೇಕು.

ಎಲ್ಲಕ್ಕಿಂತ ಸಣ್ಣದು ಸಿಲಿಂಡರಿನ ವಾಲ್ವಿನೊಳಗಿನ ರಬ್ಬರ್ ಉಂಗುರ, ಎಲ್ಲರೂ ವಾಷರ್ ಎನ್ನುವ ಓ-ರಿಂಗು. ಇದನ್ನು ಗುರುತಿಸುವ ಬಗೆ ಸುಲಭ. ರೆಗ್ಯುಲೇಟರ್ ಕೂರಿಸಿದಾಗ ವಾಸನೆ ಅಥವಾ 'ಸುಯ್' ಸದ್ದು, ತೆಗೆದಾಗ ನಿಲ್ಲುತ್ತದೆ ಎಂದರೆ ಉಂಗುರ ಸವೆದಿದೆ ಅಥವಾ ಬಿದ್ದುಹೋಗಿದೆ. ಸಿಲಿಂಡರ್ ತಂದವರ ಮುಂದೆಯೇ ಕೂರಿಸಿ ನೋಡಿದರೆ ಅಲ್ಲೇ ಬದಲಿಸಿ ಕೊಡುತ್ತಾರೆ. ರೆಗ್ಯುಲೇಟರ್ ತೆಗೆದ ಮೇಲೂ ಸೋರುತ್ತಿದ್ದರೆ ವಾಲ್ವಿನ ಪಿನ್ನೇ ಕೂತಿಲ್ಲ. ಆಗ ದಾರಕ್ಕೆ ಕಟ್ಟಿರುವ ಮುಚ್ಚಳವನ್ನು ಒತ್ತಿ ಹಾಕಿ, ಸಿಲಿಂಡರನ್ನು ಬಯಲಿಗೆ ಒಯ್ದು, ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು.

ವಾಸನೆಯ ಬಗ್ಗೆ ಒಂದು ಮಾತು. ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಬರುವುದು ಬೇಕೆಂದೇ ಬೆರೆಸಿದ ಮರ್‌ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತದ ನಾತ. ಮಾತಾಡದ ಭಾಗಗಳಿಗೆ ರಸಾಯನಶಾಸ್ತ್ರಜ್ಞರು ಕೊಟ್ಟ ದನಿ ಅದು. ಆದರೆ ನೆಗಡಿಯಾದ ಮೂಗು ಅದನ್ನು ಕೇಳಿಸಿಕೊಳ್ಳುವುದಿಲ್ಲ, ಹೆಚ್ಚು ಹೊತ್ತು ಅದರಲ್ಲೇ ಇದ್ದ ಮೂಗೂ ಮರೆಯುತ್ತದೆ. ಈ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ನೆಲದಲ್ಲಿ ಹರಡಿ ಕೂರುತ್ತದೆ. ಮೇಲಿನ ಕಿಟಕಿ ತೆರೆದಿದೆ ಎಂದು ನಂಬಿ ಕೂರಬಾರದು, ಬಾಗಿಲು ತೆರೆಯಬೇಕು. ಗಾಳಿಯಲ್ಲಿ ನೂರಕ್ಕೆ ಎರಡು ಭಾಗದಷ್ಟು ಸೇರಿದರೂ ಅದು ಹೊತ್ತಿಕೊಳ್ಳಬಲ್ಲದು, ಆದ್ದರಿಂದ ವಾಸನೆ ಬಂದಾಗ ಲೈಟಿನ ಸ್ವಿಚ್ಚು ಹಾಕುವುದೂ ಬೇಡ, ಆರಿಸುವುದೂ ಬೇಡ. ಸೋರಿಕೆ ಹುಡುಕಲು ಸೋಪಿನ ನೊರೆ ಹಚ್ಚಿ. ಗುಳ್ಳೆ ಏಳುವ ಜಾಗವೇ ದೋಷದ ಜಾಗ. ಕಡ್ಡಿ ಗೀರಿ ನೋಡುವ ಪದ್ಧತಿಯಿಂದ ಸುಟ್ಟ ಮನೆಗಳಿಗೆ ಲೆಕ್ಕವಿಲ್ಲ.

ಹೇಳದೆ ಕೆಡುವ ಭಾಗಗಳು ಕಾರ್ಖಾನೆಯಲ್ಲೂ ಇವೆ. ಹುಲಿಗಿಯಿಂದ ಕೊಪ್ಪಳದ ಕಡೆ ಹೊರಟರೆ ಹಿಟ್ನಾಳದ ಹತ್ತಿರ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್‌ನ ಊದುಕುಲುಮೆಗಳಿವೆ, ಮುಂದೆ ಗಿಣಿಗೇರಿಯಲ್ಲಿ ಉಕ್ಕಿನ ಕಾರ್ಖಾನೆಗಳು. ಊದುಕುಲುಮೆಯ ತಳದಲ್ಲಿ ಸುಮಾರು 1,500 ಡಿಗ್ರಿಯ ಕರಗಿದ ಕಬ್ಬಿಣ. ಅದನ್ನೂ ಹೊರಗಿನ ಉಕ್ಕಿನ ಕವಚವನ್ನೂ ಬೇರೆ ಮಾಡುವುದು ಬೆಂಕಿ ಇಟ್ಟಿಗೆ ಮತ್ತು ಇಂಗಾಲದ ದಿಮ್ಮಿಗಳ ಒಳಗೋಡೆ. ಅದು ದಿನದಿನವೂ ಸವೆಯುತ್ತದೆ, ಆದರೆ ಒಳಹೊಕ್ಕು ನೋಡುವಂತಿಲ್ಲ. ಹಾಗಾಗಿ ಕುಲುಮೆ ಕಟ್ಟುವವರು ಆ ಮೂಕ ಗೋಡೆಗೆ ಬಾಯಿ ಕೊಡುತ್ತಾರೆ. ಎರಡು ಬೇರೆ ಲೋಹದ ತಂತಿಗಳ ಬೆಸುಗೆ ಬಿಸಿಯಾದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬ, 1821ರಲ್ಲಿ ಥಾಮಸ್ ಸೀಬೆಕ್ ಕಂಡ ಪರಿಣಾಮವೇ ಅಲ್ಲಿ ಕೆಲಸಕ್ಕೆ ಬರುತ್ತದೆ. ಗೋಡೆಯಲ್ಲಿ ಬೇರೆ ಬೇರೆ ಆಳಕ್ಕೆ ಅಂಥ ತಂತಿಜೋಡಿಗಳನ್ನು ಹುದುಗಿಸಿರುತ್ತಾರೆ. ಗೋಡೆ ತೆಳುವಾದಂತೆ ಅವುಗಳ ತಾಪ ಏರುತ್ತದೆ, ಎರಡರ ನಡುವಿನ ವ್ಯತ್ಯಾಸದಿಂದ ಎಷ್ಟು ದಪ್ಪ ಉಳಿದಿದೆ ಎಂದು ಲೆಕ್ಕ ಹಾಕಬಹುದು. ಕುಲುಮೆ ಆರಿಸಿ ಹೊಸ ಒಳಗೋಡೆ ಕಟ್ಟುವ ತೀರ್ಮಾನಕ್ಕೆ ಈ ಅಂಕಿಗಳೇ ಆಧಾರ.

ನಮ್ಮ ಮನೆಗಳಲ್ಲಿ ಇಂಥ ಬಾಯಿ ಬೇಕೇಬೇಕಾದ ಒಂದು ಯಂತ್ರವಿದೆ, ಬಚ್ಚಲಿನ ಗ್ಯಾಸ್ ಗೀಸರ್. ಅದರೊಳಗೆ ತಾಮ್ರದ ತೆಳು ರೆಕ್ಕೆಗಳ ನಡುವೆ ನೀರಿನ ಕೊಳವೆ ಸುತ್ತಿಕೊಂಡಿರುತ್ತದೆ. ರೆಕ್ಕೆಗಳ ಸಂದಿಗೆ ಮಸಿ ತುಂಬಿದರೆ ಹೊಗೆ ಮೇಲಕ್ಕೆ ಹೋಗಲಾರದೆ ಉರಿ ಉಸಿರುಗಟ್ಟುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗೀಸರಿನ ಕಿಂಡಿಯಲ್ಲಿ ಹಳದಿ ಉರಿ ಕಂಡರೆ ಆ ದಿನ ಸ್ನಾನ ಬೇಡ. ಇನ್ನು ಕಿಂಡಿ, ಗಾಳಿಕೊಳವೆ ಇಲ್ಲದ ಬಚ್ಚಲಲ್ಲಿ ಹೊಚ್ಚ ಹೊಸ ಗೀಸರೂ ಕೊಲ್ಲಬಲ್ಲದು, ಅದನ್ನು ಹೊರಗೋಡೆಗೆ ಹಾಕಿಸಬೇಕು.

ಶಿಕಾಗೊ, ಟೊರಾಂಟೊ ಕಡೆ ನೆಲೆಸಿದ ನಮ್ಮವರ ಮನೆಗಳ ನೆಲಮಾಳಿಗೆಯಲ್ಲಿ ಇಡೀ ಮನೆ ಬೆಚ್ಚಗಿಡುವ ಗ್ಯಾಸ್ ಕುಲುಮೆ ಇರುತ್ತದೆ. ಅಲ್ಲೂ ಇವೇ ಎರಡು ಜಾತಿ. ಮಾತಾಡುವುದು ಉರಿ ಪತ್ತೆ ಮಾಡುವ ಕಡ್ಡಿ. ಉರಿಯೊಳಗೆ ವಿದ್ಯುದಂಶವುಳ್ಳ ಕಣಗಳಿರುವುದರಿಂದ ಅದರ ಮೂಲಕ ವಿದ್ಯುತ್ತು ಹರಿಯಬಲ್ಲದು. ಕಡ್ಡಿ ಸಣ್ಣದು, ಬರ್ನರು ದೊಡ್ಡದು. ಹಾಗಾಗಿ ಹಿಂದುಮುಂದಾಗಿ ಹರಿಯಬೇಕಾದ ಪ್ರವಾಹ ಒಂದೇ ದಿಕ್ಕಿಗೆ ವಾಲುತ್ತದೆ. ಕೆಲವೇ ಮೈಕ್ರೊಆಂಪಿಯರಿನ ಆ ವಾಲಿಕೆ ಕಂಡರೆ ಉರಿ ಇದೆ ಎಂದು ಯಂತ್ರ ತಿಳಿಯುತ್ತದೆ. ಕಡ್ಡಿಯ ಮೇಲೆ ಕಿಟ್ಟ ಕೂತರೆ ಪ್ರವಾಹ ಕುಗ್ಗಿ, ಹೊತ್ತಿಕೊಂಡ ಉರಿ ಕೆಲವೇ ಸೆಕೆಂಡಿನಲ್ಲಿ ತಾನೇ ಆರುತ್ತದೆ, ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ, ಕೊನೆಗೆ ಯಂತ್ರ ಕೈಚೆಲ್ಲುತ್ತದೆ. ನಯವಾಗಿ ಉಜ್ಜಿ ನೋಡಿ, ಆಮೇಲೂ ಹಾಗೇ ಆದರೆ ಮಾತ್ರ ಹೊಸ ಕಡ್ಡಿ. ಮಾತಾಡದ್ದು ಶಾಖ ದಾಟಿಸುವ ಲೋಹದ ಗೂಡು. ಒಂದೊಂದು ಚಳಿಗಾಲದಲ್ಲೂ ಸಾವಿರಾರು ಸಲ ಹಿಗ್ಗಿ ಕುಗ್ಗಿ ಅದು ಬಿರುಕು ಬಿಟ್ಟರೆ ಹೊಗೆ ಮನೆಯೊಳಗಿನ ಗಾಳಿಗೆ ಸೇರಬಹುದು. ಗಾಳಿ ಬೀಸುವ ಫ್ಯಾನು ಶುರುವಾದೊಡನೆ ಉರಿ ತುಯ್ದಾಡಿದರೆ ಅನುಮಾನ ಪಡಬೇಕು. ಅಷ್ಟರವರೆಗೆ ಕಾಯದಿರಲೆಂದೇ ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡುತ್ತಾರೆ. ಆ ಅಲಾರಮ್ಮಿಗೂ ಆಯುಷ್ಯವಿದೆ, ತಾರೀಖು ಅದರ ಬೆನ್ನ ಮೇಲಿರುತ್ತದೆ. ಊರಿನಿಂದ ಮಕ್ಕಳ ಮನೆಗೆ ಹೋದ ತಂದೆತಾಯಿ ಅದು ಬೀಪ್ ಎಂದಾಗ ಕಿರಿಕಿರಿಯೆಂದು ಬ್ಯಾಟರಿ ಕೀಳಬಾರದು.

ನಮ್ಮ ಅಡುಗೆಮನೆಯಲ್ಲಿ ಓದಬೇಕಾದ ತಾರೀಖು ಎರಡು. ಒಂದು ಪೈಪಿನದು. ಇನ್ನೊಂದು ಸಿಲಿಂಡರಿನದು: ಹಿಡಿಕೆಯ ಉಂಗುರಕ್ಕೆ ಆಧಾರವಾಗಿರುವ ಪಟ್ಟಿಗಳ ಒಳಮೈಯಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ಇಸವಿ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ವರ್ಷದ ಕೊನೆಯ ಮೂರು ತಿಂಗಳು. ಸಿ 28 ಎಂದಿದ್ದರೆ 2028ರ ಸೆಪ್ಟೆಂಬರಿನೊಳಗೆ ಆ ಸಿಲಿಂಡರು ಒತ್ತಡದ ಪರೀಕ್ಷೆಗೆ ಹೋಗಬೇಕು. ಅವಧಿ ಮೀರಿದ್ದನ್ನು ಬಾಗಿಲಲ್ಲೇ ಹಿಂತಿರುಗಿಸಬಹುದು.

ಹೊಸ ಪೈಪು ಹಾಕಿಸಿದ ದಿನ ಎರಡೂ ತುದಿಗೆ ಸೋಪಿನ ನೊರೆ ಹಚ್ಚಿ ನೋಡಿ. ಹಳೆಯದನ್ನು ಹಿತ್ತಲಲ್ಲಿ ಹಾಗೇ ಎಸೆಯಬೇಡಿ. ಮೇಲ್ನೋಟಕ್ಕೆ ಚೆನ್ನಾಗಿರುವ ಪೈಪನ್ನು ಯಾರಾದರೂ ಎತ್ತಿಕೊಂಡು ಹೋಗಿ ಚಹಾದಂಗಡಿಗೋ ಮದುವೆ ಅಡುಗೆಯ ಒಲೆಗೋ ಸಿಕ್ಕಿಸುವುದುಂಟು. ಒಳಗಿನ ತಂತಿಗೆ ಮನೆಯ ಕತ್ತರಿ ಸೋಲುತ್ತದೆ, ತಂತಿ ಕತ್ತರಿಸುವ ಕಟ್ಟರ್ ತಂದು ಮೂರು ತುಂಡು ಮಾಡಿಯೇ ಕಸಕ್ಕೆ ಹಾಕಿ.